ನರಿಯ ಹೆಜ್ಜೆ, ಐವರ ಶಿಲುಬೆ: ಬಕ್‌ಡೆನ್ ಪೈಕ್ ಸ್ಮಾರಕದ ಒಂದು ಓದು

ನಮ್ಮಲ್ಲಿ ಸ್ಮಾರಕಶಿಲೆಗಳ ಅಧ್ಯಯನವು ಬಹುಮಟ್ಟಿಗೆ ವೀರಗಲ್ಲು, ಮಾಸ್ತಿಗಲ್ಲುಗಳ ಸುತ್ತ ಬೆಳೆದುಬಂದಿದೆ. ಯುದ್ಧಕಾಲದಲ್ಲಿ ಸತ್ತರೂ ಕಾಳಗದಲ್ಲಿ ಸಾಯದವರ ಕಲ್ಲನ್ನು ಓದುವ ಬಗೆ ಯಾವುದು? ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಪ್ರದೇಶದ ಬಕ್‌ಡೆನ್ ಪೈಕ್ ಬೆಟ್ಟದ ಮೇಲಿರುವ ಶಿಲುಬೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

1942ರ ಜನವರಿ 30ರಂದು ಬ್ರಾಮ್‌ಕೋಟ್ ವಾಯುನೆಲೆಯಿಂದ ತರಬೇತಿಗೆ ಹೊರಟ ವೆಲಿಂಗ್ಟನ್ ಬಾಂಬರ್ ವಿಮಾನವು ಹಿಮಬಿರುಗಾಳಿಗೆ ಸಿಲುಕಿ, ಸುಮಾರು 700 ಮೀಟರ್ ಎತ್ತರದ ಈ ಬೆಟ್ಟಕ್ಕೆ ಅಪ್ಪಳಿಸಿತು. ಅದರಲ್ಲಿದ್ದ ಆರು ಮಂದಿಯೂ ಪೋಲೆಂಡಿನವರು. ಐವರು ಅಸುನೀಗಿದರು, ಹಿಂಬದಿಯ ಬಂದೂಕುಗಾರ ಯೂಜೆಫ್ ಫುಸ್ನಿಯಾಕ್ ಒಬ್ಬರೇ ಬದುಕುಳಿದರು. ಕಾಲು ಮುರಿದಿದ್ದ ಅವರು ಹಿಮದ ಮೇಲೆ ನರಿಯ ಹೆಜ್ಜೆಗುರುತುಗಳನ್ನು ಕಂಡು, ಅದು ಆಹಾರ ಅರಸಿ ಜನವಸತಿಯತ್ತ ಇಳಿದಿರಬೇಕೆಂದು ಊಹಿಸಿ, ಆ ಜಾಡನ್ನೇ ಹಿಡಿದು ಕ್ರೇ ಎಂಬ ಹಳ್ಳಿಯನ್ನು ಸೇರಿದರು. 1973ರಲ್ಲಿ ಅವರೇ ಈ ಸ್ಮಾರಕವನ್ನು ನಿಲ್ಲಿಸಿದರು. ಶಿಲುಬೆಯ ಪೀಠದಲ್ಲಿ ವಿಮಾನದ ಚೂರುಗಳನ್ನು ಹುದುಗಿಸಿ, ಜೊತೆಗೆ ಒಂದು ಪುಟ್ಟ ನರಿಯ ತಲೆಯನ್ನೂ ಇರಿಸಲಾಗಿದೆ.

ತರಬೇತಿಯ ಸಾವು ಆ ಯುದ್ಧದಲ್ಲಿ ಅಪವಾದವಾಗಿರಲಿಲ್ಲ. ಬ್ರಿಟನ್ನಿನ ಬಾಂಬರ್ ಕಮಾಂಡ್ ಕಳೆದುಕೊಂಡ 55,000ಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 8,000 ಮಂದಿ ಅಪಘಾತಗಳಲ್ಲಿ ಮಡಿದವರು. ಇಂಥ ಸಾವಿಗೆ ಎದುರಾಳಿಯಿಲ್ಲ, ಗೆಲುವಿಲ್ಲ. ವೀರಗಲ್ಲಿನ ಕೆಳಪಟ್ಟಿಕೆಯ ಕಾಳಗಕ್ಕಾಗಲಿ, ಅದರ ಮೇಲಿನ ಅಪ್ಸರೆಯರಿಗಾಗಲಿ ಇಲ್ಲಿ ಎಡೆಯಿಲ್ಲ. ಕಾಳಗದ ಚಿತ್ರವಿರಬೇಕಾದ ಜಾಗದಲ್ಲಿ ಲೋಹದ ಚೂರುಗಳಿವೆ. ಅವು ಶೌರ್ಯವನ್ನು ಸಾರುವುದಿಲ್ಲ, ನಡೆದುದನ್ನಷ್ಟೇ ಸಾಕ್ಷೀಕರಿಸುತ್ತವೆ.

ಸ್ಮಾರಕದಲ್ಲಿ ಪ್ರಾಣಿ ಇರುವುದು ನಮಗೆ ಹೊಸತಲ್ಲ. ಕ್ರಿ.ಶ. 949-50ರ ಆತಕೂರು ಶಾಸನಶಿಲೆಯು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಆದರೆ ಕಾಳಿ ಒಡೆಯನುಳ್ಳ ನಾಯಿ. ಅದರ ಸಾವಿನಲ್ಲಿ ನಿಷ್ಠೆಯಿದೆ. ಬಕ್‌ಡೆನ್ ಪೈಕ್‌ನ ನರಿಗೆ ತಾನು ಉಪಕರಿಸಿದ್ದೇ ತಿಳಿಯದು. ಜನಪದ ಕಥೆಗಳ 'ಉಪಕಾರಿ ಪ್ರಾಣಿ' ಆಶಯದಲ್ಲಿ ಪ್ರಾಣಿಯು ಅರಿತೇ ನೆರವಾಗುತ್ತದೆ. ಇಲ್ಲಿ ಅರಿವು ಮನುಷ್ಯನದು, ಹೆಜ್ಜೆ ಮಾತ್ರ ನರಿಯದು. ಕಥೆಗಳಲ್ಲಿ ವಂಚಕನೆನಿಸಿದ ನರಿ ಈ ಕಲ್ಲಿನಲ್ಲಿ ಕೃತಜ್ಞತೆಗೆ ಪಾತ್ರವಾಗಿರುವುದು ಗಮನಾರ್ಹ.

ಈ ಆಶಯದ ಆಕರ್ಷಣೆಯಲ್ಲಿಯೇ ಒಂದು ಅಪಾಯವೂ ಇದೆ. ಸ್ಥಳೈತಿಹ್ಯವಾಗಿ ಹರಡುವುದು ಬದುಕಿದವನ ಕಥೆ. ಸತ್ತವರಿಗೆ ಕಥೆಯಿಲ್ಲ, ಹೆಸರಷ್ಟೇ ಇದೆ. ನರಿಯನ್ನು ನೆನೆದವರು ಐವರನ್ನು ಮರೆತರೆ ಸ್ಮಾರಕದ ಉದ್ದೇಶವೇ ತಲೆಕೆಳಗಾಗುತ್ತದೆ. ಆದರೆ ಕಲ್ಲಿನ ವಿನ್ಯಾಸವು ಈ ಐತಿಹ್ಯವನ್ನು ತಿದ್ದುತ್ತದೆ ಎಂಬುದು ನನ್ನ ವಾದ. ಶಿಲುಬೆ ದೊಡ್ಡದು, ನರಿಯ ತಲೆ ಚಿಕ್ಕದು. ಅದು ಇರುವುದೂ ಬುಡದಲ್ಲಿ, ಹೆಜ್ಜೆಗಳು ಮೂಡಿದ್ದ ನೆಲಕ್ಕೆ ಸಮೀಪದಲ್ಲಿ.

ವೀರಗಲ್ಲನ್ನು ಸಾಮಾನ್ಯವಾಗಿ ಬಂಧುಗಳೋ ಊರವರೋ ಅರಸನೋ ನಿಲ್ಲಿಸುತ್ತಿದ್ದರು. 1942ರಲ್ಲಿ ಪೋಲೆಂಡ್ ಜರ್ಮನಿಯ ವಶದಲ್ಲಿತ್ತು. ಬಂಧುಗಳು ಬಂದು ನಿಲ್ಲುವಂತಿರಲಿಲ್ಲ. ಆ ಹೊಣೆಯನ್ನು ಮೂರು ದಶಕಗಳ ನಂತರ ಜೊತೆಗಾರನೇ ಹೊತ್ತರು. ಒಂದೇ ಕಲ್ಲಿನಲ್ಲಿ ಅವರು ಎರಡು ಋಣಗಳನ್ನು ಬರೆದಿಟ್ಟರು: ಜೀವ ಉಳಿಸಿದ ಹೆಜ್ಜೆಯ ಋಣ, ಜೀವ ಉಳಿಯದವರ ಋಣ. ಮೊದಲನೆಯದನ್ನು ಕಥೆ ಕಾಯ್ದುಕೊಳ್ಳುತ್ತದೆ. ಎರಡನೆಯದಕ್ಕೇ ಕಲ್ಲು ಬೇಕಾಯಿತು.