ಅಂಬಿಗನ ನದಿ, ಪ್ರಯಾಣಿಕನ ನದಿ

ಜೋಸೆಫ್ ಕಾನ್ರಾಡ್‌ನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ (1899), ಗೂಗಿ ವಾ ಥಿಯಾಂಗೊನ ‘ದ ರಿವರ್ ಬಿಟ್ವೀನ್’ (1965) ಈ ಎರಡೂ ಕಾದಂಬರಿಗಳ ನಡುವೆ ಆಫ್ರಿಕದ ಒಂದೊಂದು ನದಿ ಹರಿಯುತ್ತದೆ. ಮೊದಲನೆಯದರಲ್ಲಿ ನದಿ ಸರಕು ಸಾಗುವ ಹೆದ್ದಾರಿ. ಎರಡನೆಯದರಲ್ಲಿ ಎರಡು ಊರುಗಳ ನಡುವಿನ ಗಡಿ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಎಡೆದೊರೆ ನಾಡಿನಲ್ಲಿ ಕೂತು ಇವನ್ನು ಓದುವಾಗ ನನಗೆ ಒಂದು ಪ್ರಶ್ನೆ ಕಾಡುತ್ತದೆ: ಕನ್ನಡದ ಓದುಗರಾದ ನಾವು ನದಿಯನ್ನು ಯಾರ ಕಣ್ಣಿನಿಂದ ನೋಡುತ್ತಾ ಬಂದಿದ್ದೇವೆ?

ಕಾನ್ರಾಡ್ 1890ರಲ್ಲಿ ಕಾಂಗೋ ನದಿಯ ಉಗಿಹಡಗಿನಲ್ಲಿ ದುಡಿದವನು. ಕಿನ್ಶಾಸಾದಿಂದ ಕಿಸಂಗಾನಿವರೆಗೆ ಸುಮಾರು 1,700 ಕಿ.ಮೀ. ಹಡಗು ಹೋಗಬಲ್ಲ ನದಿ ಅದು. ಆದರೆ ಕಿನ್ಶಾಸಾದಿಂದ ಸಮುದ್ರದ ಕಡೆಗೆ ಬರೀ ಬಂಡೆ, ಧುಮುಕುವ ನೀರು. ರೈಲು ಬರುವ ತನಕ ಅಷ್ಟೂ ದೂರ ಸರಕು ಆಳುಗಳ ತಲೆಯ ಮೇಲೆಯೇ ಸಾಗಬೇಕಿತ್ತು. ಕಾದಂಬರಿಯ ಮಾರ್ಲೋ ಕೂಡ ಅರವತ್ತು ಆಳುಗಳೊಂದಿಗೆ ಇನ್ನೂರು ಮೈಲಿ ನಡೆದು ಹಡಗು ಸೇರುತ್ತಾನೆ. ಒಲೆಗೆ ಸೌದೆ ಹಾಕುವವನು, ಚುಕ್ಕಾಣಿ ಹಿಡಿಯುವವನು ಆಫ್ರಿಕದವರು. ಚುಕ್ಕಾಣಿಯವನು ಈಟಿ ನಾಟಿ, ಒಂದು ಮಾತೂ ಆಡದೆ ಸಾಯುತ್ತಾನೆ. ಚಿನುವ ಅಚಿಬೆ 1975ರ ಉಪನ್ಯಾಸದಲ್ಲಿ ಎತ್ತಿದ ತಕರಾರು ಇದನ್ನು ಕುರಿತದ್ದೇ: ಆಫ್ರಿಕವನ್ನು ಬರೀ ಹಿನ್ನೆಲೆ ಮಾಡಿ, ಅಲ್ಲಿನವರ ಬಾಯಿ ಕಟ್ಟಲಾಗಿದೆ. ಮಾರ್ಲೋ ಹಡಗಿನ ಕಪ್ತಾನನೇ ಇರಬಹುದು. ಆ ನದಿಯ ಮಟ್ಟಿಗೆ ಅವನೂ ಪ್ರಯಾಣಿಕನೇ.

ಗೂಗಿಯ ಹೋನಿಯಾ ನದಿಯಲ್ಲಿ ಹಡಗಿಲ್ಲ. ಕಾಮೆನೊ, ಮಕುಯು ಎಂಬ ಎರಡು ಗುಡ್ಡಸಾಲುಗಳ ನಡುವೆ ಅದು ಹರಿಯುತ್ತದೆ. ಕ್ರೈಸ್ತರ ದೀಕ್ಷಾಸ್ನಾನಕ್ಕೂ ಗಿಕುಯು ಜನರ ಸುನ್ನತಿಯ ವಿಧಿಗೂ ಅದೇ ನೀರು. ಇಲ್ಲಿ ಮಾತಾಡುವವರು ದಡದಲ್ಲೇ ಬದುಕುವವರು. ಹಾಗಾಗಿ ನದಿ ಒಮ್ಮೆ ಅವರನ್ನು ಕೂಡಿಸುತ್ತದೆ, ಒಮ್ಮೆ ಒಡೆಯುತ್ತದೆ.

ನಮ್ಮ ನದಿಗಳು ಈ ಎರಡಕ್ಕೂ ಪೂರ್ತಿ ಹೊಂದುವುದಿಲ್ಲ. ಲಿಂಗಸುಗೂರಿನ ಉತ್ತರಕ್ಕೆ ಕೃಷ್ಣೆ, ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಮಸ್ಕಿ. ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಬಂಡೆ ತೋರಿಸುವ ಹೊಳೆಗಳಿವು. ಜಲದುರ್ಗದ ಬಳಿ ಕೃಷ್ಣೆ ಕಲ್ಲಿನ ಕೊರಕಲಲ್ಲಿ ಧುಮುಕುತ್ತದೆ. ಹರಿವಿನ ಗುಂಟ ದೋಣಿ ದೂರ ಹೋಗಲಾರದು. ಮೊನ್ನೆ ಮೊನ್ನೆ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಹೆಸರುಗಳಲ್ಲಿ ತುಂಗಭದ್ರೆಯೂ ಸೇರಿತು. ಕಾಗದದ ಮೇಲೆ ಅದೂ ಒಂದು ಹೆದ್ದಾರಿ. ಆದರೆ ಈ ನಾಡಿಗೆ ನದಿ ದಾರಿಯಾದದ್ದು ಅಡ್ಡಕ್ಕೆ, ಈ ದಡದಿಂದ ಆ ದಡಕ್ಕೆ. ಮಸ್ಕಿಯಿಂದ ಉತ್ತರಕ್ಕೆ ಹೊರಟರೂ ದಕ್ಷಿಣಕ್ಕೆ ಹೊರಟರೂ ಒಂದು ಹೊಳೆ ದಾಟಲೇಬೇಕು. ಕಾಳು, ಬಟ್ಟೆ, ಹೆಣ್ಣು ಕೊಟ್ಟ ಮನೆಯ ನೆಂಟಸ್ತಿಕೆ, ದಂಡು ಎಲ್ಲಕ್ಕೂ ಹರಿಗೋಲೇ ಗತಿ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಕಂಡು ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ದಾಟುತ್ತದೆ ಎನ್ನುತ್ತಾನೆ. ಚೆನ್ನಾಗಿ ನೋಡಿದ್ದಾನೆ. ಆದರೆ ಹುಟ್ಟು ಹಾಕುತ್ತಿದ್ದವನು ಏನಂದ ಎಂಬುದು ಅದರಲ್ಲಿಲ್ಲ. ಅದೂ ಪ್ರಯಾಣಿಕನ ಬರಹ.

ನಮ್ಮ ಭಕ್ತಿಗೀತೆಗಳ ಕಥೆಯೂ ಬೇರೆಯಲ್ಲ. ಅಲ್ಲಿ ಸಂಸಾರ ಹೊಳೆ, ದೇಹ ದೋಣಿ, ದೇವರು ಅಂಬಿಗ. ಹಾಡು ಮಾತ್ರ ದಡ ಸೇರಬೇಕಾದವನದ್ದು. ರೂಪಕ ಎಷ್ಟು ಬಲವಾಯಿತೆಂದರೆ, ಅಂಬಿಗ ಎಂದೊಡನೆ ನಮಗೆ ಹರಿ ನೆನಪಾಗುತ್ತಾನೆ. ಕೂಲಿಗೆ ಹುಟ್ಟು ಹಾಕುವ ಮನುಷ್ಯ ನೆನಪಾಗುವುದಿಲ್ಲ.

ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ಮುಖ್ಯನಾಗುವುದು ಇಲ್ಲಿ. ಅವನ ಗದ್ದುಗೆ ಇರುವ ಚೌಡಯ್ಯದಾನಪುರ ತುಂಗಭದ್ರೆಯ ದಂಡೆಯ ಊರು. ಅದೇ ನೀರು ಮುಂದೆ ಸಿಂಧನೂರು ಸೀಮೆಗೆ ಬರುತ್ತದೆ. ಬಹುಪಾಲು ವಚನಕಾರರ ಅಂಕಿತ ಇಷ್ಟದೈವದ ಹೆಸರು. ಇವನ ಅಂಕಿತ ಅವನದೇ ಹೆಸರು, ಅದರಲ್ಲೇ ಅವನ ಕಾಯಕ. ವಿಮರ್ಶಕರು ಇದನ್ನು ನಿಷ್ಠುರ ಸ್ವಭಾವದ ಗುರುತೆಂದು ಹೇಳಿ ಮುಂದೆ ಹೋಗುವುದುಂಟು. ನನಗೆ ಅದು ಸಾಲದು ಅನ್ನಿಸುತ್ತದೆ. ಹೊಳೆ ದಾಟಿಸುವವನಿಗೆ ಹಾರುವ, ಹೊಲೆಯ, ಸೆಟ್ಟಿ ಎಲ್ಲರೂ ಒಂದೇ ತೂಕದ ಮಂದಿ. ದೋಣಿಯಲ್ಲಿ ಎಲ್ಲರ ಭಯವನ್ನೂ ಹತ್ತಿರದಿಂದ ಕಂಡವನ ಬಿರುಸು ಆ ಮಾತುಗಳಲ್ಲಿದೆ. ಕಾಂಗೋದ ಚುಕ್ಕಾಣಿಯವನಿಗೆ ಸಿಗದ ಬಾಯಿ ಇಲ್ಲಿ ಎಂಟು ನೂರು ವರ್ಷದ ಹಿಂದೆಯೇ ಸಿಕ್ಕಿತ್ತು. ಅದನ್ನು ಮತ್ತೆ ರೂಪಕ ಮಾಡಿ ಮುಚ್ಚಿದವರು ನಾವು, ಓದುಗರು.

ಇದು ಹಳೆಯ ಮಾತಲ್ಲ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ಜಲದುರ್ಗದ ಕಡೆಯ ಹಳ್ಳಿಗಳು ಸುತ್ತು ದಾರಿ ಹಿಡಿದ ಸುದ್ದಿಯನ್ನು ಎಷ್ಟೋ ಮಳೆಗಾಲ ಓದಿದ್ದೇವೆ. ಅಂಥ ದಿನ ಸುದ್ದಿಯ ಚಿತ್ರಗಳಲ್ಲಿ ತುಂಬಿದ ಹೊಳೆಯ ಚೆಲುವಿರುತ್ತದೆ. ನಡುಗಡ್ಡೆಯವರ ಮಾತು ಕೊನೆಯ ಸಾಲಿಗೆ ಬರುತ್ತದೆ. ಕಾನ್ರಾಡನನ್ನು ಓದುವ ವಿದ್ಯಾರ್ಥಿಗಳು ಅಚಿಬೆಯ ಪ್ರಶ್ನೆಯನ್ನು ಪರೀಕ್ಷೆಗೆ ಬರೆದು ಮುಗಿಸದೆ, ಕೃಷ್ಣೆಯ ದಡಕ್ಕೂ ತರಬೇಕು: ಇಲ್ಲಿ ಮಾತಾಡುತ್ತಿರುವವರು ದಾಟಿ ಹೋಗುವವರೋ, ದಾಟಿಸುವವರೋ?