ಹುತ್ತವೂ ಮನಸ್ಸೂ: ಯೂಜೀನ್ ಮರೇ ಅವರ ಗೆದ್ದಲಿನ ಗ್ರಂಥವನ್ನು ಕುರಿತ ಒಂದು ವಿಮರ್ಶೆ

ಕೀಟಗಳ ಬಾಳನ್ನು ಜನಸಾಮಾನ್ಯರಿಗೆ ತಿಳಿಯಹೇಳುವ ಗ್ರಂಥಗಳಲ್ಲಿ ಮನುಷ್ಯನ ಮನಸ್ಸಿನ ಪ್ರಸ್ತಾಪವು ಬಾರದಿರುವುದು ಅಪೂರ್ವ. ಜೇನುಗೂಡನ್ನು ವರ್ಣಿಸಹೊರಟವರು ರಾಜ್ಯನೀತಿಗೆ ಇಳಿಯುತ್ತಾರೆ. ಇರುವೆಯ ಸಾಲನ್ನು ಕಂಡವರು ಉದ್ಯೋಗಶೀಲತೆಯನ್ನು ಬೋಧಿಸುತ್ತಾರೆ. ಈಚಿನ ದಶಕಗಳ ಬರಹಗಳಲ್ಲಂತೂ ಕೀಟಲೋಕದ ದರ್ಶನವು ನೊಂದ ಮನಸ್ಸಿಗೆ ಔಷಧವೆಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. ಕೀಟದಿಂದ ಮನುಷ್ಯನಿಗೂ ಮನುಷ್ಯನಿಂದ ಕೀಟಕ್ಕೂ ಹೀಗೆ ಹಾಯುವ ಸೇತುವೆ ಎಂತಹುದು, ಅದು ಎಷ್ಟು ಭಾರವನ್ನು ಹೊರಬಲ್ಲುದು ಎಂಬುದನ್ನು ಪರೀಕ್ಷಿಸುವುದು ವಿಜ್ಞಾನಿಗಳ ಕೆಲಸ; ಸೇತುವೆಯು ಉಪಮೆಯಿಂದ ಕಟ್ಟಿದ್ದಾದುದರಿಂದ ಸಾಹಿತ್ಯವಿಮರ್ಶಕರ ಕೆಲಸವೂ ಹೌದು. ಈ ಪರೀಕ್ಷೆಗೆ ದಕ್ಷಿಣ ಆಫ್ರಿಕದ ಯೂಜೀನ್ ಮರೇ ಅವರು ಆಫ್ರಿಕಾನ್ಸ್ ಭಾಷೆಯಲ್ಲಿ ಬರೆದ ‘ಡೀ ಸೀಲ್ ಫಾನ್ ಡೀ ಮೀರ್’, ಎಂದರೆ ‘ಇರುವೆಯ ಆತ್ಮ’, ಎಂಬ ಗ್ರಂಥವು ಬಹು ತಕ್ಕ ನಿದರ್ಶನವಾಗಿದೆ.

೧

ಮರೇ ಅವರು ೧೮೭೧ರಲ್ಲಿ ಪ್ರಿಟೋರಿಯದಲ್ಲಿ ಹುಟ್ಟಿದರು. ಪತ್ರಿಕಾಕರ್ತರಾಗಿ ಬಾಳನ್ನಾರಂಭಿಸಿ, ಲಂಡನ್ನಿನಲ್ಲಿ ನ್ಯಾಯಶಾಸ್ತ್ರವನ್ನು ಓದಿ, ೧೯೦೫ರಲ್ಲಿ ಬರೆದ ‘ವಿಂಟರ್‌ನಾಖ್ಟ್’ ಎಂಬ ಕವಿತೆಯಿಂದ ತಮ್ಮ ಭಾಷೆಯ ಹೊಸ ಕಾವ್ಯದ ಮೊದಲಿಗರೆನಿಸಿದರು. ತಾರುಣ್ಯದಲ್ಲಿಯೇ ಮಾರ್ಫಿನ್ನಿನ ಚಟಕ್ಕೆ ಒಳಗಾಗಿ ಕೊನೆಯವರೆಗೂ ಅದರಿಂದ ಬಿಡುಗಡೆಯನ್ನು ಕಾಣಲಿಲ್ಲ. ವಾಟರ್‌ಬರ್ಗ್ ಬೆಟ್ಟಪ್ರದೇಶದಲ್ಲಿ ನೆಲಸಿ ಅಲ್ಲಿನ ಕಾಡುಕೋತಿಗಳಾದ ಬಬೂನುಗಳನ್ನೂ ಗೆದ್ದಲುಗಳನ್ನೂ ಹಲವು ವರ್ಷ ನೋಡಿದರು. ಗೆದ್ದಲನ್ನು ಕುರಿತ ಅವರ ಲೇಖನಗಳು ೧೯೨೩ರಿಂದ ಆಫ್ರಿಕಾನ್ಸ್ ಪತ್ರಿಕೆಗಳಲ್ಲಿ ಬೆಳಕು ಕಂಡು, ೧೯೩೪ರಲ್ಲಿ ಗ್ರಂಥರೂಪವನ್ನು ತಾಳಿದುವು. ೧೯೩೬ರಲ್ಲಿ ಅವರು ತಾವಾಗಿಯೇ ತಮ್ಮ ಬಾಳನ್ನು ಕೊನೆಗಾಣಿಸಿಕೊಂಡರು. ವಿನಿಫ್ರೆಡ್ ಡಿ ಕಾಕ್ ಅವರ ಇಂಗ್ಲಿಷ್ ಅನುವಾದವು ಹೊರಬಂದುದು ೧೯೩೭ರಲ್ಲಿ.

ಇದರ ನಡುವೆ ೧೯೨೬ರಲ್ಲಿ ಬೆಲ್ಜಿಯಮ್ಮಿನ ಮಾರಿಸ್ ಮೇಟರ್ಲಿಂಕ್ ಅವರು, ೧೯೧೧ರಲ್ಲಿಯೇ ನೊಬೆಲ್ ಪಾರಿತೋಷಕವನ್ನು ಪಡೆದಿದ್ದವರು, ಗೆದ್ದಲಿನ ಬಾಳನ್ನು ಕುರಿತು ಫ್ರೆಂಚಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರ ಮುಖ್ಯಭಾವನೆ ತಮ್ಮ ಲೇಖನಗಳಿಂದ ಎತ್ತಿದುದೆಂದು ಮರೇ ಅವರು ಆಪಾದಿಸಿದರು. ವ್ಯಾಜ್ಯ ಹೂಡಲು ಅವರಲ್ಲಿ ಹಣವಿರಲಿಲ್ಲ. ಮೇಟರ್ಲಿಂಕ್ ಅವರು ಬೇರೆಯವರ ಬರಹಗಳಿಂದ ವಿಷಯವನ್ನು ಸಂಗ್ರಹಿಸಿದುದಾಗಿ ಪೀಠಿಕೆಯಲ್ಲಿ ಒಪ್ಪಿಕೊಂಡಿದ್ದರೂ ಅಡಿಟಿಪ್ಪಣಿಗಳನ್ನು ಕೊಡುವ ಶ್ರಮವನ್ನು ವಹಿಸಲಿಲ್ಲ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬ ನಮ್ಮ ನಾಣ್ಣುಡಿ ಈ ಪ್ರಸಂಗಕ್ಕೆ ಹೇಳಿ ಮಾಡಿಸಿದಂತಿದೆ.

ಗ್ರಂಥದ ಹೆಸರಿನ ವಿಷಯವಾಗಿ ಒಂದು ಮಾತು. ಆಫ್ರಿಕಾನ್ಸಿನ ‘ಮೀರ್’ ಎಂಬ ಶಬ್ದವು ಇರುವೆಯನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಗೆದ್ದಲಿಗೆ ಬಿಳಿಯ ಇರುವೆಯೆಂಬ ಹೆಸರಿದೆ. ಕನ್ನಡದಲ್ಲಿ ಇರುವೆ ಬೇರೆ, ಗೆದ್ದಲು ಬೇರೆ. ಪ್ರಾಣಿಶಾಸ್ತ್ರವು ನಮ್ಮ ಭಾಷೆಯ ಪಕ್ಷವನ್ನೇ ವಹಿಸುತ್ತದೆ: ಇರುವೆಯು ಕಣಜದ ಬಂಧು, ಗೆದ್ದಲಾದರೋ ಜಿರಲೆಯ ವಂಶದ್ದು. ಹೋಲಿಕೆಯು ಬೇರೆ, ಬಾಂಧವ್ಯವು ಬೇರೆ ಎಂಬ ಈ ವಿವೇಕವನ್ನು ಮುಂದಿನ ವಿಚಾರದಲ್ಲಿಯೂ ನೆನಪಿನಲ್ಲಿಡತಕ್ಕದ್ದು.

೨

ಗ್ರಂಥದ ಮೂಲಪ್ರತಿಜ್ಞೆ ಸರಳವಾದುದು. ಹುತ್ತವೆಂಬುದು ಗೆದ್ದಲುಗಳ ಊರಲ್ಲ. ಅದೇ ಒಂದು ಪ್ರಾಣಿ. ಕೆಲಸಗಾರ ಗೆದ್ದಲುಗಳೂ ಸೈನಿಕ ಗೆದ್ದಲುಗಳೂ ಅದರ ರಕ್ತಕಣಗಳು. ಅಣಬೆಯ ತೋಟಗಳು ಅದರ ಜೀರ್ಣಾಂಗಗಳು. ರಾಣಿಯ ಕೋಣೆಯೇ ಮಿದುಳು. ಹುತ್ತವನ್ನು ಮಣ್ಣಿನ ಗುಡ್ಡೆಯೆಂದು ಕಾಣುತ್ತಿದ್ದ ವಾಚಕನಿಗೆ ಈ ಉಪಮೆಯು ಒಮ್ಮೆಲೇ ಕಣ್ಣನ್ನು ತೆರೆಸುತ್ತದೆ. ಒಡೆದ ಗೋಡೆಯನ್ನು ಗೆದ್ದಲುಗಳು ಮುಚ್ಚುವುದು ಗಾಯ ಮಾಯುವ ಹಾಗೆ ತೋರುತ್ತದೆ. ಘೋರವಾದ ಬರಗಾಲದಲ್ಲಿ ಹುತ್ತದ ಒಳಗು ಹೇಗೆ ತೇವವಾಗಿ ಉಳಿಯಿತೆಂಬ ಪ್ರಶ್ನೆಯು ಬಾಯಾರಿದ ಜೀವಿಯೊಂದರ ಕಥೆಯಾಗುತ್ತದೆ. ಮರೇ ಅವರ ಗದ್ಯದ ಶಕ್ತಿಯು ಇಲ್ಲಿದೆ. ಅವರು ಮೊದಲು ನೋಡುತ್ತಾರೆ, ಬಳಿಕ ಬೆರಗಾಗುತ್ತಾರೆ, ಆಮೇಲೆ ಕೇಳುತ್ತಾರೆ. ಈ ಕ್ರಮವು ಒಳ್ಳೆಯ ಅಧ್ಯಾಯಗಳಲ್ಲಿ ಎಲ್ಲಿಯೂ ತಪ್ಪುವುದಿಲ್ಲ.

ಈ ಭಾವನೆಗೆ ಶಾಸ್ತ್ರದಲ್ಲಿ ನೆಲೆಯಿರಲಿಲ್ಲವೆಂದಲ್ಲ. ಅಮೆರಿಕದ ವಿಲಿಯಂ ಮಾರ್ಟನ್ ವೀಲರ್ ಅವರು ೧೯೧೧ರಲ್ಲಿಯೇ ಇರುವೆಯ ಗೂಡನ್ನು ಒಂದು ಜೀವಿಯೆಂದು ಎಣಿಸಿ ಪ್ರಬಂಧವನ್ನು ಬರೆದಿದ್ದರು. ೨೦೦೦ದಲ್ಲಿ ಸ್ಕಾಟ್ ಟರ್ನರ್ ಅವರು ಪ್ರಾಣಿಗಳು ಕಟ್ಟುವ ಕಟ್ಟಡಗಳನ್ನು ಅವುಗಳ ದೇಹದ ವಿಸ್ತಾರವೆಂದು ವಾದಿಸುವ ಗ್ರಂಥದಲ್ಲಿ ಹುತ್ತಕ್ಕೆ ಹಿರಿಯ ಸ್ಥಾನವನ್ನು ಕೊಟ್ಟರು. ದಕ್ಷಿಣ ಭಾರತದ ಹುತ್ತಗಳ ಮೇಲೆಯೇ ನಡೆದು ೨೦೧೫ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು, ಹಗಲಿನ ಬಿಸಿಲಿಗೂ ಇರುಳಿನ ತಂಪಿಗೂ ತಕ್ಕಂತೆ ಹುತ್ತದೊಳಗಿನ ಗಾಳಿಯ ಓಟವು ದಿಕ್ಕನ್ನು ಬದಲಿಸುವುದೆಂದು ತೋರಿಸಿತು. ನಾವು ಹೊಲದ ಬದುವಿನಲ್ಲಿ ದಿನವೂ ಕಾಣುವ ಹುತ್ತವು ಒಂದು ರೀತಿಯಲ್ಲಿ ಉಸಿರಾಡುತ್ತದೆ. ಮರೇ ಅವರ ಉಪಮೆ ಇಷ್ಟುಮಟ್ಟಿಗೆ ಬಾಳಿತು.

ಆದರೆ ಅವರು ಉಪಮೆಯಲ್ಲಿ ನಿಲ್ಲಲಿಲ್ಲ. ಹುತ್ತದ ನಡುವೆ ಉಕ್ಕಿನ ತಗಡನ್ನು ಇಳಿಸಿ ಎರಡು ಭಾಗ ಮಾಡಿದರೂ ಗೆದ್ದಲುಗಳು ಎರಡು ಕಡೆಯಲ್ಲಿಯೂ ಒಂದಕ್ಕೊಂದು ಹೊಂದುವ ಕಮಾನುಗಳನ್ನು ಕಟ್ಟುತ್ತವೆಂದೂ, ರಾಣಿಯನ್ನು ಕೊಂದ ಕೂಡಲೆ ಎರಡು ಕಡೆಯ ಕೆಲಸವೂ ನಿಂತುಹೋಗುತ್ತದೆಂದೂ ಬರೆದು, ಇದಕ್ಕೆ ರಾಣಿಯಿಂದ ಹರಡುವ ಅದೃಶ್ಯವಾದ ಮನಶ್ಶಕ್ತಿಯೇ ಕಾರಣವೆಂದು ನಿರ್ಣಯಿಸಿದರು. ಮುಂದಿನ ಶಾಸ್ತ್ರವು ಹಿಡಿದ ದಾರಿ ಬೇರೆ. ಫ್ರಾನ್ಸಿನ ಪಿಯೆರ್ ಪೋಲ್ ಗ್ರಾಸೆ ಅವರು ೧೯೫೯ರಲ್ಲಿ ವಿವರಿಸಿದಂತೆ, ಒಂದು ಗೆದ್ದಲು ಇಟ್ಟ ಮಣ್ಣಿನ ಉಂಡೆಯೇ ಇನ್ನೊಂದಕ್ಕೆ ಮುಂದಿನ ಉಂಡೆಯನ್ನು ಅಲ್ಲಿಡುವಂತೆ ಪ್ರೇರಣೆ ಕೊಡುತ್ತದೆ. ಆಜ್ಞೆ ಕೊಡುವ ಮಿದುಳು ಎಲ್ಲಿಯೂ ಬೇಕಿಲ್ಲ, ಕೆಲಸವೇ ಕೆಲಸಗಾರನನ್ನು ನಡೆಸುತ್ತದೆ. ರಾಣಿಯು ಹುತ್ತದ ತಾಯಿಯೇ ಹೊರತು ಅದರ ಆತ್ಮವಲ್ಲ. ಇದು ಗ್ರಂಥದ ದೋಷವೇ ಆದರೂ ಕ್ಷಮ್ಯವಾದ ದೋಷ. ಇದರಿಂದ ಗೆದ್ದಲಿಗೆ ಕೇಡಿಲ್ಲ, ವಾಚಕನೂ ತಿದ್ದಿಕೊಳ್ಳಬಲ್ಲನು.

೩

ಕ್ಷಮೆಗೆ ಸುಲಭವಾಗಿ ಸಲ್ಲದ ದೋಷವು ಉಪಮೆಯು ಹಿಂದಿರುಗುವಾಗ ಹುಟ್ಟುತ್ತದೆ. ಮುಖವು ಚಂದ್ರನಂತೆ ಎಂದು ಹೇಳಿ, ಚಂದ್ರನು ಮುಖದಂತೆ ಎಂದು ಮರಳಿ ಹೇಳುವುದನ್ನು ದಂಡಿಯು ಅನ್ಯೋನ್ಯೋಪಮೆಯೆಂದನು. ಮುಂದಿನ ಆಲಂಕಾರಿಕರು ಉಪಮೇಯೋಪಮೆಯೆಂದರು. ಕಾವ್ಯದಲ್ಲಿ ಇದೊಂದು ಸೊಗಸು. ಶಾಸ್ತ್ರವನ್ನು ಹೇಳುವ ಗ್ರಂಥದಲ್ಲಿ ಇದು ಅಪಾಯ. ಮನುಷ್ಯದೇಹದ ಮಾತಿನಿಂದ ಹುತ್ತವನ್ನು ತಿಳಿಸಿದ ಮೇಲೆ, ಹಾಗೆ ತಿಳಿದ ಪ್ರಕೃತಿಯ ಪ್ರಮಾಣದಿಂದ ಮನುಷ್ಯನ ಮನಸ್ಸಿಗೆ ವಿಧಿಯನ್ನು ಬರೆದರೆ, ನಾವೇ ಇಟ್ಟ ಸಾಲವನ್ನು ಬಡ್ಡಿಯೊಡನೆ ನಮ್ಮಿಂದಲೇ ವಸೂಲು ಮಾಡಿದಂತಾಗುತ್ತದೆ.

ಹೆರಿಗೆಯ ನೋವನ್ನು ಕುರಿತ ಅಧ್ಯಾಯದಲ್ಲಿ ಈ ಅಪಾಯವು ಸ್ಪಷ್ಟವಾಗಿ ತಲೆದೋರುತ್ತದೆ. ಗೆದ್ದಲಿನ ರಾಣಿಯಿಂದ ಹೊರಟ ವಿಚಾರವು ಸಕಲ ಪ್ರಾಣಿಗಳ ತಾಯ್ತನಕ್ಕೆ ಹಬ್ಬಿ, ನೋವಿಲ್ಲದ ಕಡೆ ತಾಯಿಯ ಅಕ್ಕರೆಯೂ ಇಲ್ಲವೆಂಬ ನಿಯಮವಾಗಿ ಮುಗಿಯುತ್ತದೆ. ಅರೆಪಳಗಿದ ಹುಲ್ಲೆಗಳಿಗೆ ಹೆರುವ ಸಮಯದಲ್ಲಿ ಕ್ಲೋರೋಫಾರಮ್ಮನ್ನು ಕೊಟ್ಟಾಗ ತಾಯಿಗಳು ಮರಿಗಳನ್ನು ಒಲ್ಲೆವೆಂದುವೆಂಬುದು ಅದಕ್ಕೆ ಕೊಟ್ಟ ಸಾಕ್ಷ್ಯ. ಈ ಸಾಕ್ಷ್ಯವನ್ನು ಹುಸಿಯೆಂದು ತಳ್ಳಬೇಕಾಗಿಲ್ಲ. ೧೯೮೦ರ ದಶಕದಲ್ಲಿ ಕುರಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಹೆರುವಾಗ ಬೆನ್ನುಹುರಿಯ ಬಳಿ ಅರಿವಳಿಕೆಯನ್ನು ಕೊಟ್ಟರೆ ತಾಯಿಯು ಮರಿಯನ್ನು ಸೇರಿಸಿಕೊಳ್ಳಲು ಅಡ್ಡಿಯಾಗುವುದೆಂದು ಕಂಡುಬಂದಿತು. ಆದರೆ ಅದೇ ದಶಕದ ಪ್ರಯೋಗಗಳು, ಆಕ್ಸಿಟೋಸಿನ್ ಎಂಬ ರಸವನ್ನು ಕುರಿಯ ಮಿದುಳಿಗೆ ಸೇರಿಸಿದರೆ ಹೆರಿಗೆಯ ಬೇನೆಯಿಲ್ಲದೆಯೇ ಅಕ್ಕರೆಯು ಮೂಡುವುದೆಂದೂ ತೋರಿಸಿದುವು. ಜನನಮಾರ್ಗದ ಸಂವೇದನೆಯು ಮಿದುಳಿನಲ್ಲಿ ಈ ರಸವನ್ನು ಹರಿಸುತ್ತದೆ. ನೋವು ಅದರ ಜೊತೆಗಾರನೇ ವಿನಾ ಕಾರಣವಲ್ಲ. ಮರೇ ಅವರು ಕಂಡುದು ನಿಜ, ಹೇಳಿದ ಕಾರಣ ತಪ್ಪು. ಮನುಷ್ಯರಲ್ಲಿಯಾದರೋ ತಾಯ್ತನವು ಈ ಒಂದು ಬಾಗಿಲಿನಿಂದಲೇ ಬರುವುದಲ್ಲ. ಶಸ್ತ್ರಚಿಕಿತ್ಸೆಯಿಂದ ಹೆತ್ತವರೂ, ಅರಿವಳಿಕೆಯಲ್ಲಿ ಹೆತ್ತವರೂ, ಹೆರದೆಯೇ ಸಾಕಿದವರೂ ಮಕ್ಕಳನ್ನು ಎದೆಗವಚಿಕೊಂಡಿರುವುದು ಎಲ್ಲರೂ ಬಲ್ಲ ಸಂಗತಿ.

ಈ ತಪ್ಪು ಕೀಟಶಾಸ್ತ್ರದ ಪುಟದಲ್ಲಿಯೇ ಉಳಿಯುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಹೊಸದಾಗಿ ಹೆತ್ತ ತಾಯಂದಿರಲ್ಲಿ ಶೇಕಡ ೧೩ರಷ್ಟು ಮಂದಿ ಮಾನಸಿಕ ಅಸ್ವಾಸ್ಥ್ಯಕ್ಕೆ, ಮುಖ್ಯವಾಗಿ ಖಿನ್ನತೆಗೆ, ಒಳಗಾಗುತ್ತಾರೆ. ಮಗುವಿನ ಮುಖವನ್ನು ನೋಡಿಯೂ ಮನಸ್ಸು ಅರಳದೆ, ಅದನ್ನು ಯಾರೊಡನೆಯೂ ಹೇಳಿಕೊಳ್ಳಲಾರದೆ ಕುಳಿತ ತಾಯಿಯೊಬ್ಬಳ ಕೈಗೆ ಈ ಅಧ್ಯಾಯವು ಬಂದರೆ, ಅವಳು ಅದರಲ್ಲಿ ಗೆದ್ದಲಿನ ಸಂಗತಿಯನ್ನು ಓದಲಾರಳು. ತನ್ನ ಮೇಲಿನ ತೀರ್ಪನ್ನು ಓದುವಳು. ಚಿಕಿತ್ಸೆಯಿಂದ ಹೋಗುವ ಕಾಯಿಲೆಯು ಪ್ರಕೃತಿಯ ಶಾಪವಾಗಿ ತೋರುವುದು. ಒಂದು ಉಪಮೆಯು ಹಿಂದಿರುಗಿದುದರ ಬೆಲೆ ಇಷ್ಟು.

೪

ಮನಸ್ಸಿನ ನೋವನ್ನು ನೇರವಾಗಿ ನೋಡಿದ ಕಡೆ ಇದೇ ಗ್ರಂಥಕರ್ತರು ಬೇರೆಯೇ ವ್ಯಕ್ತಿಯಾಗಿ ಕಾಣುತ್ತಾರೆ. ಅಪೂರ್ಣವಾಗಿ ಉಳಿದು ೧೯೬೯ರಲ್ಲಿ ಪ್ರಕಟವಾದ ಅವರ ‘ದಿ ಸೋಲ್ ಆಫ್ ದಿ ಏಪ್’ ಎಂಬ ಗ್ರಂಥದಲ್ಲಿ ಬಬೂನುಗಳ ಸಂಜೆಯ ವರ್ಣನೆಯಿದೆ. ಹಗಲೆಲ್ಲ ಆಡಿ ಕೂಗಾಡಿದ ಗುಂಪು ಹೊತ್ತು ಇಳಿಯುತ್ತಲೇ ಮೌನವಾಗುವುದನ್ನೂ, ಹಿರಿಯವೂ ಕಿರಿಯವೂ ದುಗುಡದ ಭಂಗಿಯಲ್ಲಿ ಕುಳಿತುಬಿಡುವುದನ್ನೂ ಕಂಡು, ಅವರು ಇದಕ್ಕೆ ಸಾಯಂಕಾಲದ ಖಿನ್ನತೆಯೆಂಬ ಅರ್ಥದ ಹೆಸರಿಟ್ಟರು. ಮನುಷ್ಯರಿಗೂ ಸಂಜೆಯ ಹೊತ್ತಿಗೆ ಕವಿಯುವ ದುಗುಡವನ್ನು ಇದರೊಡನೆ ಹೋಲಿಸಿ, ಮಾದಕವಸ್ತುಗಳ ಬಯಕೆಯ ಬೇರನ್ನು ಇಲ್ಲಿ ಹುಡುಕಿದರು. ಈ ಊಹೆಯು ಪೂರ್ತಿಯಾಗಿ ನಿಂತಿತೆಂದು ಹೇಳಲಾಗದು. ಆದರೂ ಅದರ ದಾರಿ ಸರಿಯಾದುದು. ಬಬೂನಿನ ವಂಶವೂ ಮನುಷ್ಯನ ವಂಶವೂ ಕವಲೊಡೆದು ಎರಡೂವರೆ ಮೂರು ಕೋಟಿ ವರ್ಷಗಳಾಗಿರಬಹುದು. ಗೆದ್ದಲಿಗೂ ಮನುಷ್ಯನಿಗೂ ಸಮಾನನಾದ ಪೂರ್ವಜನು ಐವತ್ತು ಕೋಟಿ ವರ್ಷಗಳಿಗಿಂತಲೂ ಹಿಂದಿನವನು. ಮೊದಲನೆಯದು ಬಾಂಧವ್ಯ, ಎರಡನೆಯದು ಹೋಲಿಕೆ. ಬಾಂಧವ್ಯವು ಪ್ರಶ್ನೆಯನ್ನು ಕೇಳುವ ಹಕ್ಕನ್ನಾದರೂ ಕೊಡುತ್ತದೆ.

ಇನ್ನು ವಾಚಕರು ಮಾಡಬಹುದಾದ ಎರಡು ತಪ್ಪುಗಳಿವೆ. ಗ್ರಂಥಕರ್ತರ ಪತ್ನಿಯು ೧೮೯೫ರಲ್ಲಿ ಮಗನನ್ನು ಹೆತ್ತು ಕೆಲವೇ ದಿನಗಳಲ್ಲಿ ತೀರಿಕೊಂಡರು. ಈ ಸಂಗತಿಯನ್ನು ಹಿಡಿದು ಹೆರಿಗೆಯ ಅಧ್ಯಾಯವನ್ನು ಅವರ ದುಃಖದ ಕನ್ನಡಿಯೆಂದೂ, ಮಾರ್ಫಿನ್ನನ್ನು ಹಿಡಿದು ಹುತ್ತದ ಆತ್ಮವನ್ನು ಅಮಲಿನ ಕನಸೆಂದೂ ವಿವರಿಸುವುದು ಸುಲಭ. ಹಾಗೆ ವಿವರಿಸಿದರೆ ವಾದಕ್ಕೆ ಉತ್ತರ ಹೇಳಿದಂತಾಗುವುದಿಲ್ಲ. ವಾದಿಯನ್ನು ರೋಗಿಯನ್ನಾಗಿ ಮಾಡಿ ಮಾತನ್ನು ಮುಗಿಸಿದಂತಾಗುತ್ತದೆ. ಹದಿನಾರರ ಹರೆಯದ ಮಗನನ್ನು ೧೮೭೭ರಲ್ಲಿ ಕಳೆದುಕೊಂಡ ಫ್ರಾನ್ಸಿನ ಜಾನ್ ಆನ್ರಿ ಫಾಬ್ರ್ ಅವರು, ೧೮೭೯ರಲ್ಲಿ ಹೊರಬಂದ ತಮ್ಮ ಕೀಟಸ್ಮರಣೆಗಳ ಮೊದಲ ಸಂಪುಟದಲ್ಲಿ ಕಣಜದ ಜಾತಿಗಳಿಗೆ ಅವನ ಹೆಸರನ್ನಿಟ್ಟರು. ದುಃಖವು ಹೆಸರಿನಲ್ಲಿ ನಿಂತಿತು. ಕಣಜದ ನಡತೆಯು ಕಣಜದ್ದಾಗಿಯೇ ಉಳಿಯಿತು.

ಎರಡನೆಯ ತಪ್ಪು ಔಷಧದ ಮಾತು. ಇಂಗ್ಲೆಂಡಿನ ಸುಮಾರು ೨೦,೦೦೦ ಜನರನ್ನು ಕುರಿತು ೨೦೧೯ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ ೧೨೦ ನಿಮಿಷಗಳಾದರೂ ಪ್ರಕೃತಿಯ ನಡುವೆ ಕಳೆದವರಲ್ಲಿ ಆರೋಗ್ಯವನ್ನೂ ನೆಮ್ಮದಿಯನ್ನೂ ಹೇಳಿಕೊಂಡವರು ಹೆಚ್ಚಾಗಿದ್ದರು. ಇದು ಸಮೂಹವನ್ನು ಕುರಿತ ಮಾತು. ಆರೋಗ್ಯವಂತರೇ ಹೊರಗೆ ಹೆಚ್ಚು ತಿರುಗಾಡಿರಬಹುದಾದ ಸಂಭವವೂ ಅದರೊಳಗಿದೆ. ಮರೇ ಅವರಂತೆ ವರ್ಷಗಟ್ಟಲೆ ಕಾಡಿನಲ್ಲಿ ಬಾಳಿದವರು, ಅವರಂತೆ ಬೆರಗಿನಿಂದ ಹುತ್ತವನ್ನು ನೋಡಿದವರು ವಿರಳ. ಆ ಬೆರಗು ಅವರಿಗೆ ಎಷ್ಟು ದಿನಗಳನ್ನು ಸಹ್ಯವಾಗಿಸಿತೋ ಅಳೆಯಲು ಬಾರದು. ಅವರ ಕಾಯಿಲೆಯನ್ನು ಅದು ಗುಣಪಡಿಸಲಿಲ್ಲ. ವೈದ್ಯನ ಕೆಲಸವನ್ನು ಗೆದ್ದಲಿಗೆ ಒಪ್ಪಿಸಿ, ಗುಣವಾಗದಿದ್ದರೆ ರೋಗಿಯು ಸರಿಯಾಗಿ ನೋಡಲಿಲ್ಲವೆನ್ನುವುದು ನ್ಯಾಯವಲ್ಲ. ಗೆದ್ದಲಿಗೂ ಇದರಿಂದ ಮರ್ಯಾದೆಯಿಲ್ಲ. ಒಣಗಿದ ಹುಲ್ಲನ್ನೂ ಕೊರಡನ್ನೂ ಅರಗಿಸಿ ಮಣ್ಣಿಗೆ ಮರಳಿಸುವ ಆ ಜೀವಿಯ ಬೆಲೆಯು ಯಾರ ಮನಸ್ಸಿಗೆ ಅದು ಹಿತವಾಯಿತೆಂಬುದನ್ನು ಕಾದು ನಿಂತಿಲ್ಲ.

ಮೊದಲ ಕವಿಗೆ ವಲ್ಮೀಕದಿಂದಲೇ ಹೆಸರು ಬಂದಿತೆಂದು ನಂಬುವ ನಾಡಿನಲ್ಲಿ ಹುತ್ತಕ್ಕೂ ಮನಸ್ಸಿಗೂ ನಂಟನ್ನು ಕಲ್ಪಿಸುವುದು ಹೊಸತಲ್ಲ. ಆ ಕಥೆಯಲ್ಲಿಯೂ ಹುತ್ತವು ಋಷಿಯ ಮೇಲೆ ಬೆಳೆಯಿತು. ಋಷಿಯ ಮನಸ್ಸು ಹುತ್ತವಾಗಲಿಲ್ಲ. ವಿಜ್ಞಾನದ ಬರಹಗಳನ್ನು ತರಗತಿಯಲ್ಲಿ ಸಾಹಿತ್ಯವಾಗಿ ಓದಿಸುವ ಉಪಾಧ್ಯಾಯರು ಮರೇ ಅವರ ಗ್ರಂಥವನ್ನು ಬಿಡಬೇಕಾಗಿಲ್ಲ. ಹುತ್ತದ ಕಡೆಗೆ ಹೋಗುವ ಉಪಮೆಯನ್ನು ಮೆಚ್ಚಿ ಓದಿಸಲಿ. ಅದು ತಾಯಿಯ ಕಡೆಗೆ ತಿರುಗಿ ಬರುವ ಪುಟದಲ್ಲಿ ಪುಸ್ತಕವನ್ನು ಒಂದು ಗಳಿಗೆ ಕೆಳಗಿಟ್ಟು, ಇದಕ್ಕೆ ಪ್ರಮಾಣವೇನೆಂದು ವಿದ್ಯಾರ್ಥಿಗಳನ್ನು ಕೇಳಲಿ.