ಸೂಜಿಯ ನೆನಪಿನಲ್ಲಿ ‘ಟ್ರೇನ್‌ಸ್ಪಾಟಿಂಗ್’

ಇರ್ವಿನ್ ವೆಲ್ಶ್‌ನ ‘ಟ್ರೇನ್‌ಸ್ಪಾಟಿಂಗ್’ (1993) ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಡ್ಯಾನಿ ಬಾಯ್ಲ್ 1996ರಲ್ಲಿ ಮಾಡಿದ ಸಿನಿಮಾ. ಅದು ಶುರುವಾಗುವುದೇ ಓಟದಿಂದ: ಕದ್ದ ಹುಡುಗರು ಮುಂದೆ, ಹಿಡಿಯುವವರು ಹಿಂದೆ. ನೋಡಲು ಮಜವಾಗಿದೆ. ಕಾದಂಬರಿಯಲ್ಲಿ ಮಾತ್ರ ಕಾನೂನಿನ ಪರಿಣಾಮ ಓಡಿ ತಪ್ಪಿಸಿಕೊಳ್ಳುವಂಥದ್ದಲ್ಲ. ಅದು ರಕ್ತದಲ್ಲೇ ಇದೆ.

ಇದು ತಿಳಿಯಬೇಕಾದರೆ ಎಡಿನ್‌ಬರೋ ನಗರದ ಕಥೆ ಗೊತ್ತಿರಬೇಕು. 1980ರ ದಶಕದ ಆರಂಭದಲ್ಲಿ ಅಲ್ಲಿಗೆ ಅಗ್ಗದ ಹೆರಾಯಿನ್ ಬಂತು. ಪೊಲೀಸರು ಬಿಗಿಯಾದರು, ಸಿಕ್ಕ ಸಿರಿಂಜುಗಳನ್ನು ಕಿತ್ತುಕೊಂಡರು. ಔಷಧಿ ಅಂಗಡಿಗಳು ಮಾರುವುದನ್ನು ನಿಲ್ಲಿಸಿದವು. ಚಟ ನಿಲ್ಲಲಿಲ್ಲ, ಒಂದೇ ಸೂಜಿ ಹತ್ತಾರು ತೋಳುಗಳನ್ನು ಸುತ್ತಿತು. ಆ ಊರಿನ ಒಬ್ಬ ವೈದ್ಯರ ಬಳಿ ಬರುತ್ತಿದ್ದ 164 ಹೆರಾಯಿನ್ ವ್ಯಸನಿಗಳ ರಕ್ತ ಪರೀಕ್ಷಿಸಿದಾಗ ಶೇಕಡ 51 ಮಂದಿಯಲ್ಲಿ ಎಚ್‌ಐವಿ ಇತ್ತು. ಇದು ಪ್ರಕಟವಾದದ್ದು 1986ರಲ್ಲಿ. ಆಮ್‌ಸ್ಟರ್‌ಡ್ಯಾಮ್ 1984ರಲ್ಲೇ ಹಳೆಯ ಸೂಜಿ ಪಡೆದು ಹೊಸದನ್ನು ಕೊಡಲು ಆರಂಭಿಸಿತ್ತು. ಸ್ಕಾಟ್ಲೆಂಡ್ ಆ ದಾರಿಗೆ ಬಂದದ್ದು 1987ರಲ್ಲಿ.

ವೆಲ್ಶ್ ಇದನ್ನು ಪಾಠದಂತೆ ಒಪ್ಪಿಸುವುದಿಲ್ಲ. ಅವನ ಶಕ್ತಿ ಇರುವುದು ಕೋರ್ಟಿನ ಅಧ್ಯಾಯದಂಥ ಕಡೆ. ರೆಂಟನ್ ಮತ್ತು ಸ್ಪಡ್ ಇಬ್ಬರೂ ಪುಸ್ತಕ ಕದ್ದವರು. ಕೀರ್ಕೆಗಾರ್ಡ್‌ನನ್ನು ಓದಲು ಕದ್ದೆ ಎಂದು ನ್ಯಾಯಾಧೀಶರ ಭಾಷೆಯಲ್ಲೇ ವಾದಿಸುವ ರೆಂಟನ್ ಜೈಲು ತಪ್ಪಿಸಿಕೊಳ್ಳುತ್ತಾನೆ. ತಡವರಿಸುವ ಸ್ಪಡ್ ಒಳಗೆ ಹೋಗುತ್ತಾನೆ. ಆಡುಮಾತಿನಲ್ಲೇ ಬರೆದ ಕಾದಂಬರಿಯಲ್ಲಿ ಆಡುಮಾತಿಗೇ ಶಿಕ್ಷೆಯಾಗುತ್ತದೆ. ಹಾಗಂತ ವೆಲ್ಶ್ ಚಿಕಿತ್ಸೆಯ ಪ್ರಚಾರಕನೂ ಅಲ್ಲ. ಮೆಥಡೋನ್ ಕುಡಿಯುತ್ತಲೇ ರೆಂಟನ್ ಮತ್ತೆ ಹೆರಾಯಿನ್‌ಗೆ ಮರಳುತ್ತಾನೆ.

ನನ್ನ ತಕರಾರು ಇರುವುದು ‘ಬ್ಯಾಡ್ ಬ್ಲಡ್’ ಅಧ್ಯಾಯದ ಬಗ್ಗೆ. ಸೋಂಕು ತಗುಲಿದ ಡೇವಿ ಅದರ ಮೂಲವಾದ ಅತ್ಯಾಚಾರಿಯನ್ನು ಹುಡುಕಿ ಕ್ರೂರವಾಗಿ ಸೇಡು ತೀರಿಸಿಕೊಳ್ಳುತ್ತಾನೆ. ಓದುವಾಗ ಉಸಿರು ಬಿಗಿಹಿಡಿಯುತ್ತೇವೆ, ನಿಜ. ಆದರೆ ಅಲ್ಲಿ ರೋಗಕ್ಕೊಬ್ಬ ಖಳ ಸಿಗುತ್ತಾನೆ, ಅವನಿಗೆ ದಂಡನೆಯಾದರೆ ಲೆಕ್ಕ ಮುಗಿಯುತ್ತದೆ. ಇದು ಪೊಲೀಸು ಬುದ್ಧಿಯೇ. ಅದಕ್ಕಿಂತ ದೊಡ್ಡ ಬರವಣಿಗೆ ಟಾಮಿಯದು. ಅವನಿಗೆ ಮೊದಲ ಬಾರಿ ಹೆರಾಯಿನ್ ಕೊಟ್ಟವನು ರೆಂಟನ್, ಅದೂ ಟಾಮಿಯೇ ಹಟಹಿಡಿದು ಕೇಳಿದಾಗ. ಸೋಂಕಿಲ್ಲದೆ ಉಳಿದವನೂ ರೆಂಟನ್ನೇ. ವೆಸ್ಟ್ ಗ್ರ್ಯಾಂಟನ್ನಿನ ಫ್ಲ್ಯಾಟಿನಲ್ಲಿ ಸಾಯುತ್ತಿರುವ ಗೆಳೆಯನ ಎದುರು ಅವನು ನಿಂತಾಗ ಯಾರನ್ನು ಬಂಧಿಸಬೇಕು? ಒಂದು ಸ್ವಚ್ಛ ಸೂಜಿ ಎಷ್ಟು ದೊಡ್ಡದೆಂದು ನನಗೆ ಅರಿವಾದದ್ದು ಆ ಪುಟಗಳಲ್ಲಿ.

ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂದದ್ದೂ ಅದೇ ಕಾಲದಲ್ಲಿ, 1985ರಲ್ಲಿ. ಅದರ ಪ್ರಕಾರ ಸೇವನೆಯೂ ಅಪರಾಧ. ಇತ್ತ ಸರ್ಕಾರದ್ದೇ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಮಣಿಪುರದಂಥ ಕಡೆ ವ್ಯಸನಿಗಳಿಗೆ ಹೊಸ ಸೂಜಿ ಹಂಚುತ್ತದೆ. ಒಂದೇ ಸರ್ಕಾರದ ಈ ಎರಡು ಕೈಗಳ ನಡುವೆ ನಿಂತವನ ಕಥೆಯನ್ನು ಕನ್ನಡದಲ್ಲಿ ಓದಬೇಕೆಂಬ ಆಸೆ ನನ್ನದು.